ಶಾಲೆಗೆಂದು ಬದಲಿಸಿದ ಝುಬುಂಟುವನ್ನು ಮೂಲ ಆವೃತ್ತಿಯ ಜೊತೆಜೊತೆಗೆ ಸಾಗಿಸುವುದು ಹೇಗೆ?

ಪ್ರಶ್ನೆ: ಗಣಿತ ಟೀಚರ್, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ನಾನು ಮುಂಬೈ ಉಪನಗರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕಂಪ್ಯೂಟರ್ ಕೋಣೆಯ ಜವಾಬ್ದಾರಿಯೂ ನನ್ನದೇ. ಕೋಣೆಯಲ್ಲಿ ಹದಿನೆಂಟು ಯಂತ್ರಗಳಿವೆ. ಎಲ್ಲವೂ ಕಚೇರಿಗಳು ಬಳಸಿ ಬಿಟ್ಟುಕೊಟ್ಟ ಐ3 ಯಂತ್ರಗಳು, ಒಂದೊಂದಕ್ಕೆ 4 ಜಿಬಿ ರ‍್ಯಾಮ್. ಹಳೆಯ ವಿದ್ಯಾರ್ಥಿಗಳು ಲ್ಯಾಮಿಂಗ್ಟನ್ ರಸ್ತೆಯಿಂದ ಎಸ್‌ಎಸ್‌ಡಿ ತಂದು ಹಾಕಿಸಿದ ಮೇಲೆ ಚೆನ್ನಾಗಿಯೇ ಓಡುತ್ತಿವೆ.

ಇವುಗಳಲ್ಲಿರುವುದು ಉಬುಂಟು ಲಿನಕ್ಸ್‌ನ ಹಗುರ ರೂಪವಾದ ಝುಬುಂಟು 22.04ರ ಮೇಲೆ ಕಟ್ಟಿದ ನಮ್ಮದೇ ಶಾಲಾ ಆವೃತ್ತಿ. ನಮ್ಮಲ್ಲೇ ಓದಿ ಎಂಜಿನಿಯರ್ ಆದ ಹುಡುಗನೊಬ್ಬ ಕ್ಯೂಬಿಕ್ ಎಂಬ ಸಾಧನದಿಂದ ಅದನ್ನು ಐಎಸ್‌ಒ (ಇಡೀ ವ್ಯವಸ್ಥೆಯನ್ನು ಇನ್‌ಸ್ಟಾಲ್ ಮಾಡುವ ಒಂದೇ ಫೈಲ್) ಆಗಿ ಮಾಡಿಕೊಟ್ಟಿದ್ದಾನೆ. ಪೆನ್‌ಡ್ರೈವ್ ಚುಚ್ಚಿ ಇನ್‌ಸ್ಟಾಲ್ ಮಾಡಿದರೆ ಸಾಕು, ಎಲ್ಲವೂ ಕೂತುಬಿಡುತ್ತದೆ: ಕನ್ನಡ ಮತ್ತು ಮರಾಠಿ ಟೈಪಿಂಗ್, ಕಲಿಕೆಯ ಆಟಗಳ ಜಿಕಾಂಪ್ರಿ, ಚಿತ್ರ ಬಿಡಿಸಲು ಟಕ್ಸ್ ಪೇಂಟ್, ರೇಖಾಗಣಿತಕ್ಕೆ ಕಿಗ್, ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಸ್ಕ್ರ್ಯಾಚ್ ಮಾದರಿಯ ಒಂದು ಆಪ್‌ಇಮೇಜ್ (ಇನ್‌ಸ್ಟಾಲ್ ಮಾಡದೆ ನೇರ ಓಡುವ ಒಂದೇ ಫೈಲಿನ ತಂತ್ರಾಂಶ), ಡೆಸ್ಕ್‌ಟಾಪ್ ಮೇಲೆ ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳ ಪಿಡಿಎಫ್‌ಗಳು. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಕ್ಕಳೇ ಹೆಚ್ಚು. ತಂದೆ ಹೋಟೆಲಿನಲ್ಲಿ, ತಾಯಿ ನಾಲ್ಕು ಮನೆಗಳ ಕೆಲಸದಲ್ಲಿ. ಆ ಮಕ್ಕಳಿಗೆ ಕಂಪ್ಯೂಟರ್ ಎಂದರೆ ಈ ಕೋಣೆಯೇ. ಆದ್ದರಿಂದ ಇದು ನಿಲ್ಲಬಾರದು.

ಝುಬುಂಟು 22.04ಕ್ಕೆ ಮೂರು ವರ್ಷದ ಬೆಂಬಲ. ಅದು 2025ರ ಏಪ್ರಿಲ್‌ಗೆ ಮುಗಿಯಿತು. ಅಡಿಯಲ್ಲಿರುವ ಉಬುಂಟುವಿನ ಮುಖ್ಯ ಭಾಗಕ್ಕೆ 2027ರ ಏಪ್ರಿಲ್‌ವರೆಗೆ ಅಪ್‌ಡೇಟ್ ಬರುತ್ತದೆ ಎನ್ನುವುದು ಗೊತ್ತು. ಆದರೂ ದೀಪಾವಳಿ ರಜೆಯಲ್ಲಿ ಎಲ್ಲವನ್ನೂ 24.04ಕ್ಕೆ ತರಬೇಕೆಂದಿದ್ದೇನೆ. ಐಎಸ್‌ಒ ಕಟ್ಟಿದ ಹುಡುಗ ಈಗ ಬೇರೆ ದೇಶದಲ್ಲಿದ್ದಾನೆ, ಅವನಿಗೆ ಕೈತುಂಬ ಕೆಲಸ. ಕೇಳಿದರೆ ಉತ್ತರಿಸುತ್ತಾನೆ, ಆದರೆ ಯಾವ ಫೈಲಿನಲ್ಲಿ ಏನು ಬದಲಿಸಿದ್ದನೆಂದು ಅವನಿಗೂ ಈಗ ನೆನಪಿಲ್ಲ.

ಎರಡು ಯಂತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಅಪ್‌ಗ್ರೇಡ್ ಮಾಡಿ ನೋಡಿದೆ. ನಡುವೆ ಪ್ಯಾನೆಲ್‌ನ (ಪರದೆಯ ಅಂಚಿನ ಪಟ್ಟಿ) ಒಂದು ಫೈಲಿಗಾಗಿ ಪ್ರಶ್ನೆ ಬಂತು: ನಿಮ್ಮ ಹಳೆಯದನ್ನು ಇಟ್ಟುಕೊಳ್ಳುವುದೋ, ಹೊಸದನ್ನು ಹಾಕುವುದೋ. ಬೇಕೆಂದೇ ಒಂದರಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು ಎಂದೆ. ಆಮೇಲೆ ಎರಡರಲ್ಲೂ ಮಕ್ಕಳಿಗೆಂದು ಹೊಸ ಖಾತೆ ತೆರೆದೆ. ಹೊಸದು ಎಂದ ಯಂತ್ರದಲ್ಲಿ ನಮ್ಮ ಪ್ಯಾನೆಲ್ ಹೋಗಿ ಝುಬುಂಟುವಿನದು ಬಂತು. ಐದನೆಯ ತರಗತಿಯ ಹುಡುಗಿಯೊಬ್ಬಳು ಎಂದಿನಂತೆ ಬಲಮೂಲೆಯಲ್ಲಿ ಕನ್ನಡ ಟೈಪಿಂಗಿಗಿರುವ ‘ಕ’ ಗುರುತಿನ ಮೇಲೆ ಬಾಣ ಒಯ್ದಳು, ಅಲ್ಲಿ ಏನೂ ಇರಲಿಲ್ಲ. ಹಳೆಯದು ಎಂದ ಯಂತ್ರದಲ್ಲಿ ಗುರುತು ಇದೆ, ಆದರೆ ಹೊಸ ಆವೃತ್ತಿ ತನ್ನ ಪ್ಯಾನೆಲ್‌ನಲ್ಲಿ ತಂದ ಬದಲಾವಣೆಗಳು ಯಾವುವೂ ಬಂದಿಲ್ಲ. ಎರಡೂ ನನಗೆ ಸರಿ ಎನಿಸಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಪ್ರತಿ ಎರಡು ವರ್ಷಕ್ಕೊಮ್ಮೆ ಕ್ಯೂಬಿಕ್ ತೆರೆದು ಮೊದಲಿನಿಂದ ಐಎಸ್‌ಒ ಕಟ್ಟುತ್ತಾ ಕೂರಬೇಕೇ? ಅಥವಾ ಮೂಲ ಝುಬುಂಟು ಮುಂದೆ ಹೋದಾಗ ನಮ್ಮದೂ ಅದರ ಹಿಂದೆಯೇ ಹೋಗುವಂತೆ ಮಾಡಲು ದಾರಿ ಇದೆಯೇ? ನಾನು ಪ್ರೋಗ್ರಾಮರ್ ಅಲ್ಲ, ಆದರೆ ಕಲಿಯಲು ಸಿದ್ಧಳಿದ್ದೇನೆ.

ಉತ್ತರ: ಪಿಂಪ್ರಿ, ಪುಣೆ

ಮೇಡಂ, ನಮಸ್ಕಾರ. ದಾರಿ ಇದೆ. ನಾನು ಕೆಲಸ ಮಾಡುವ ಕಡೆ ಕಾರ್ಖಾನೆಯ ಯಂತ್ರಗಳ ಪಕ್ಕದಲ್ಲಿ ಇಡುವ ಕಂಪ್ಯೂಟರುಗಳಿಗೆಂದು ಉಬುಂಟುವನ್ನು ನಮಗೆ ಬೇಕಾದಂತೆ ಮಾಡಿಕೊಂಡು ನೋಡಿಕೊಳ್ಳುತ್ತೇವೆ. ನಿಮ್ಮದು ಮಕ್ಕಳ ಕೋಣೆ ಎಂಬುದನ್ನು ಬಿಟ್ಟರೆ ಸಮಸ್ಯೆ ಒಂದೇ.

ಮೊದಲ ಮಾತು: ಐಎಸ್‌ಒ ಎನ್ನುವುದು ಫಲಿತಾಂಶ, ಅದು ದಾಖಲೆಯಲ್ಲ. ಏನು ಸೇರಿತು, ಏನು ಹೋಯಿತು, ಏಕೆ ಎನ್ನುವುದು ಅದರೊಳಗೆ ಕರಗಿಹೋಗಿರುತ್ತದೆ. ಮೂಲ ಆವೃತ್ತಿಯ ಜೊತೆ ಸಾಗಬೇಕಾದರೆ ನಿಮ್ಮದಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಹೊರಗೆ ತೆಗೆದು, ಹೆಸರಿಟ್ಟು, ಒಂದು ಪ್ಯಾಕೇಜಿನಲ್ಲಿ (ಒಮ್ಮೆಗೇ ಇನ್‌ಸ್ಟಾಲ್ ಆಗುವ ಕಟ್ಟಿನಲ್ಲಿ) ಕೂರಿಸಬೇಕು. ಆಮೇಲೆ ಸಾಮಾನ್ಯ ಝುಬುಂಟು ಹಾಕಿ ಆ ಒಂದು ಪ್ಯಾಕೇಜ್ ಇನ್‌ಸ್ಟಾಲ್ ಮಾಡಿದರೆ ಅದೇ ನಿಮ್ಮ ಶಾಲಾ ಆವೃತ್ತಿ. ಝುಬುಂಟು ಕೂಡ ಉಬುಂಟುವಿನ ಮೇಲೆ ನಿಂತಿರುವುದು ಹೀಗೆಯೇ. ಝುಬುಂಟು-ಡೆಸ್ಕ್‌ಟಾಪ್ ಎಂಬ ಮೆಟಾಪ್ಯಾಕೇಜ್ ಬೇಕಾದ ತಂತ್ರಾಂಶಗಳನ್ನು ಎಳೆದುಕೊಳ್ಳುತ್ತದೆ. ಝುಬುಂಟು-ಡಿಫಾಲ್ಟ್-ಸೆಟ್ಟಿಂಗ್ಸ್ ಎಂಬ ಇನ್ನೊಂದು ಪ್ಯಾಕೇಜ್ ಅದರ ಚಹರೆಯನ್ನು ಕೊಡುತ್ತದೆ. ನೀವು ಅದರ ಮೇಲೆ ಮೂರನೆಯ ಪದರ ಅಷ್ಟೇ.

ವ್ಯತ್ಯಾಸ ಹುಡುಕುವುದು ಹೇಗೆಂದರೆ, ಈಗ ಓಡುತ್ತಿರುವ 22.04ರ ಒಂದು ಯಂತ್ರದಲ್ಲಿ ಬೇಕೆಂದೇ ಹಾಕಿದ ಪ್ಯಾಕೇಜುಗಳನ್ನು ಹೆಸರಿಸುವ ಎಪಿಟಿ-ಮಾರ್ಕ್ ಶೋಮ್ಯಾನ್ಯುಯಲ್ ಆದೇಶ ಕೊಟ್ಟು ಪಟ್ಟಿಯನ್ನು ಉಳಿಸಿಕೊಳ್ಳಿ. ಝುಬುಂಟುವಿನ ಡೌನ್‌ಲೋಡ್ ಪುಟದಲ್ಲಿ ಐಎಸ್‌ಒ ಪಕ್ಕದಲ್ಲೇ ಮ್ಯಾನಿಫೆಸ್ಟ್ ಎಂಬ ಫೈಲ್ ಇರುತ್ತದೆ, ಮೂಲದಲ್ಲಿ ಬರುವ ಪ್ಯಾಕೇಜುಗಳ ಪೂರ್ತಿ ಪಟ್ಟಿ ಅದು. ಎರಡನ್ನೂ ಅಕಾರಾದಿಯಾಗಿ ಜೋಡಿಸಿ ಹೋಲಿಸಿದರೆ ನಿಮ್ಮ ಹುಡುಗ ಸೇರಿಸಿದ್ದು ಮೇಲೆ ತೇಲುತ್ತದೆ. ಇನ್‌ಸ್ಟಾಲರ್ ಲಾಗ್ ಕೋಶದಲ್ಲಿರುವ ಇನಿಶಿಯಲ್-ಸ್ಟೇಟಸ್ ಫೈಲನ್ನು ನಂಬಬೇಡಿ. ನೀವು ಹಾಕಿದ್ದೇ ಬದಲಿಸಿದ ಐಎಸ್‌ಒ, ಆದ್ದರಿಂದ ಅವನು ಸೇರಿಸಿದ್ದೂ ಅದರಲ್ಲಿ ಮೂಲದ್ದರಂತೆಯೇ ಕಾಣುತ್ತದೆ. ಆಮೇಲೆ ಡೆಬ್‌ಸಮ್ಸ್ ಎಂಬ ಸಾಧನ ಹಾಕಿ ಸಿ ಮತ್ತು ಇ ಆಯ್ಕೆಗಳೊಂದಿಗೆ ಓಡಿಸಿ. ಸೆಟ್ಟಿಂಗ್ ಫೈಲುಗಳಿರುವ ಇಟಿಸಿ ಕೋಶದಲ್ಲಿ ಪ್ಯಾಕೇಜ್ ಕೊಟ್ಟದ್ದಕ್ಕಿಂತ ಬೇರೆಯಾಗಿರುವ ಕಾನ್‌ಫಿಗ್ ಫೈಲುಗಳನ್ನು ಅದು ಹೆಸರಿಸುತ್ತದೆ. ನಿಮಗೆ ಬಂದ ಪ್ಯಾನೆಲ್ ಪ್ರಶ್ನೆಯ ಫೈಲ್ ಆ ಪಟ್ಟಿಯಲ್ಲಿ ಖಂಡಿತ ಇರುತ್ತದೆ. ಯಾವ ಪ್ಯಾಕೇಜಿಗೂ ಸೇರದ ಫೈಲುಗಳು ಉಳಿಯುತ್ತವೆ: ಪಿಡಿಎಫ್‌ಗಳು, ವಾಲ್‌ಪೇಪರ್, ಆಪ್‌ಇಮೇಜ್. ಅವನ್ನು ಕಣ್ಣಿನಿಂದಲೇ ಹುಡುಕಬೇಕು.

ಈಗ ಆ ಪ್ಯಾನೆಲ್ ವಿಷಯ. ಅವನು ಝುಬುಂಟುವಿನ ಫೈಲನ್ನೇ ತೆರೆದು ತಿದ್ದಿದ್ದಾನೆ, ಅದಕ್ಕೇ ಪ್ಯಾಕೇಜುಗಳನ್ನು ಕೂರಿಸುವ ಸಾಧನ ಡಿಪಿಕೆಜಿ ಪ್ರಶ್ನೆ ಕೇಳಿತು. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವ ಬದಲು ನಮ್ಮದೇ ಕಪಾಟು ತಂದು ನಿಲ್ಲಿಸಿಕೊಂಡಂತೆ, ಮೂಲದ ಫೈಲನ್ನು ಮುಟ್ಟದೆ ನಮ್ಮದನ್ನು ಬೇರೆ ಕೋಶದಲ್ಲಿಡಬೇಕು. ಝುಬುಂಟುವಿನ ಡೆಸ್ಕ್‌ಟಾಪ್ ಆದ ಎಕ್ಸ್‌ಎಫ್‌ಸಿಇ ತನ್ನ ಸೆಟ್ಟಿಂಗ್‌ಗಳನ್ನು ಎಕ್ಸ್‌ಡಿಜಿ ಕಾನ್‌ಫಿಗ್ ಡೈರ‍್ಸ್ ಎಂಬ ಚರಾಂಶದಲ್ಲಿರುವ ಕೋಶಗಳಲ್ಲಿ ಹುಡುಕುತ್ತದೆ. ಮೊದಲು ಬರುವ ಕೋಶದ ಮಾತೇ ಗೆಲ್ಲುತ್ತದೆ. ಇಟಿಸಿಯ ಎಕ್ಸ್‌ಡಿಜಿ ಒಳಗೆ ಶಾಲೆಯ ಹೆಸರಿನಲ್ಲಿ ಒಂದು ಕೋಶ ಮಾಡಿ, ಅದನ್ನು ಝುಬುಂಟುವಿನ ಕೋಶಕ್ಕಿಂತ ಮುಂದೆ ಸೇರಿಸುವ ನಾಲ್ಕು ಸಾಲಿನ ಸ್ಕ್ರಿಪ್ಟನ್ನು ಲಾಗಿನ್ ಆಗುವಾಗ ಓಡುವ ಎಕ್ಸ್‌ಸೆಷನ್.ಡಿ ಕೋಶದಲ್ಲಿಡಿ. ನಿಮ್ಮ ಫೈಲಿನಲ್ಲಿ ಬದಲಾಗಬೇಕಾದ ಸಾಲುಗಳು ಮಾತ್ರ ಇರಲಿ. ಮಕ್ಕಳು ಪ್ಯಾನೆಲ್ ಎಳೆದಾಡಬಾರದೆಂದರೆ ಅದೇ ಫೈಲಿನಲ್ಲಿ ಲಾಕ್ಡ್ ಎಂಬ ಗುಣವನ್ನೂ ಕೊಡಬಹುದು.

ಸ್ಕೆಲ್ ಕೋಶದ ಬಗ್ಗೆ ಎಚ್ಚರ. ಅಲ್ಲಿಟ್ಟದ್ದು ಖಾತೆ ತೆರೆಯುವ ಕ್ಷಣದಲ್ಲಿ ಮಾತ್ರ ನಕಲಾಗುತ್ತದೆ. ಎರಡು ವರ್ಷದ ಹಿಂದೆ ತೆರೆದ ಖಾತೆಯಲ್ಲಿ ಎಕ್ಸ್‌ಎಫ್‌ಸಿಇ 4.16ರ ಕಾಲದ ಸೆಟ್ಟಿಂಗ್‌ಗಳೇ ಇರುತ್ತವೆ, 24.04ರಲ್ಲಿರುವುದು 4.18. ಮಕ್ಕಳಿಗೆ ಸಾಮಾನ್ಯ ಖಾತೆ ಒಂದೇ ಆಗಿದ್ದರೆ ಚಿತ್ರಗಳನ್ನು ಎತ್ತಿಟ್ಟುಕೊಂಡು ಖಾತೆಯನ್ನು ಅಳಿಸಿ ಹೊಸದಾಗಿ ತೆರೆಯುವುದು ಮೇಲು.

ಮೆಟಾಪ್ಯಾಕೇಜ್ ಬರೆಯುವಾಗ ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಜಿಕಾಂಪ್ರಿ, ಕಿಗ್ ಇವನ್ನೆಲ್ಲ ಡಿಪೆಂಡ್ಸ್ (ಇರಲೇಬೇಕು) ಸಾಲಿನಲ್ಲಿ ಬರೆಯದೆ ರೆಕಮೆಂಡ್ಸ್ (ಇದ್ದರೆ ಒಳ್ಳೆಯದು) ಸಾಲಿನಲ್ಲಿ ಬರೆಯಿರಿ. ಮುಂದಿನ ಆವೃತ್ತಿಯಲ್ಲಿ ಮೂಲದವರು ಯಾವುದೋ ಒಂದು ತಂತ್ರಾಂಶವನ್ನು ಕೈಬಿಟ್ಟರು ಎನ್ನಿ. ಡಿಪೆಂಡ್ಸ್ ಆಗಿದ್ದರೆ ಆ ಒಂದರ ಜೊತೆ ನಿಮ್ಮ ಇಡೀ ಮೆಟಾಪ್ಯಾಕೇಜ್ ಕಿತ್ತುಹೋಗುತ್ತದೆ. ರೆಕಮೆಂಡ್ಸ್ ಆಗಿದ್ದರೆ ಆ ಒಂದು ಬರುವುದಿಲ್ಲ, ಉಳಿದದ್ದು ನಿಲ್ಲುತ್ತದೆ. ಇನ್ನೊಂದು: ಉಬುಂಟುವಿನ ತಂತ್ರಾಂಶ ಭಂಡಾರವಾದ ರೆಪೊಸಿಟರಿಯಲ್ಲೇ ಉಬುಂಟು-ಎಜು-ಪ್ರೈಮರಿ, ಉಬುಂಟು-ಎಜು-ಸೆಕೆಂಡರಿ ಎಂಬ ಮೆಟಾಪ್ಯಾಕೇಜುಗಳಿವೆ, ಉಬುಂಟುವಿನ ಶಿಕ್ಷಣ ಆವೃತ್ತಿಯಾದ ಎಜುಬುಂಟುವಿನ ತಂಡದವು. ಅವು ನಿಮಗೆ ಒಗ್ಗಿದರೆ ನಿಮ್ಮ ಪಟ್ಟಿಯ ಅರ್ಧವನ್ನು ಅವರೇ ನೋಡಿಕೊಂಡಂತಾಯಿತು.

ಎಜುಬುಂಟುವಿನ ಕಥೆಯೂ ತಿಳಿದಿರಬೇಕಾದದ್ದೇ. 2005ರಲ್ಲಿ ಮೊದಲು ಬಂತು. 14.04ರ ನಂತರ ನೋಡಿಕೊಳ್ಳುವ ಕೈಗಳಿಲ್ಲದೆ ನಿಂತುಹೋಯಿತು. 2023ರಲ್ಲಿ 23.04ರೊಂದಿಗೆ ಮತ್ತೆ ಅಧಿಕೃತವಾಗಿ ಮರಳಿತು, ಉಬುಂಟುವಿನ ಡೆಸ್ಕ್‌ಟಾಪನ್ನು ಇದ್ದಂತೆಯೇ ಇಟ್ಟುಕೊಂಡು ಶಿಕ್ಷಣದ ತಂತ್ರಾಂಶಗಳನ್ನು ಮೇಲೆ ಸೇರಿಸುವ ಕ್ರಮದಲ್ಲಿ. ವಿಶೇಷ ಡಿಸ್ಟ್ರೋಗಳು (ಲಿನಕ್ಸ್ ಆವೃತ್ತಿಗಳು) ಸಾಯುವುದು ತಂತ್ರಜ್ಞಾನ ಸಾಲದೆ ಅಲ್ಲ, ಮೂಲದಿಂದ ದೂರ ಸರಿದಷ್ಟೂ ಅದನ್ನು ಎಳೆದು ತರಲು ಬೇಕಾದ ಜನ ಸಿಗದೆ. ನಿಮ್ಮ ಬಳಿ ಇರುವುದು ನೀವೊಬ್ಬರೇ. ಆದ್ದರಿಂದ ವ್ಯತ್ಯಾಸ ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು.

ಉತ್ತರ: ಮಡಗಾಂವ್, ಗೋವಾ

ಪಿಂಪ್ರಿಯವರು ಹೇಳಿದ ವಿಧಾನಕ್ಕೆ ನನ್ನ ಒಪ್ಪಿಗೆ ಇದೆ, ಆದರೆ ಮೂಲವೇ ಸರಿಯೇ ಎಂಬ ಪ್ರಶ್ನೆಯನ್ನು ಅವರು ಎತ್ತಲಿಲ್ಲ. ನಾನು ಇಲ್ಲಿನ ಒಂದು ಕಾಲೇಜಿನ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ. ಊರು ಕುಮಟಾ ಕಡೆ. ನಾವು ಉಬುಂಟು ಬಿಟ್ಟು, ಅದಕ್ಕೂ ಮೂಲವಾದ ಡೆಬಿಯನ್‌ಗೆ ಬಂದೆವು, ಮುಖ್ಯ ಕಾರಣ ಉಬುಂಟುವಿನ ಸ್ನ್ಯಾಪ್ ಎಂಬ ಪ್ಯಾಕೇಜ್ ಪದ್ಧತಿ. 22.04ರಿಂದ ಫೈರ್‌ಫಾಕ್ಸ್ ಅಲ್ಲಿ ಸ್ನ್ಯಾಪ್ ಆಗಿಯೇ ಬರುತ್ತದೆ. ನಮ್ಮಲ್ಲಿ ವಿದ್ಯಾರ್ಥಿಗಳ ಮನೆಕೋಶಗಳು ಸರ್ವರ್‌ನಲ್ಲಿ ಬೇರೆ ಜಾಗದಲ್ಲಿದ್ದವು. ಹೋಮ್ ಎಂಬ ಎಂದಿನ ಜಾಗದ ಹೊರಗೆ ಮನೆಕೋಶ ಇದ್ದರೆ ಸ್ನ್ಯಾಪ್ ತಕರಾರು ಮಾಡುತ್ತದೆ. ಉಬುಂಟು ಮೇಲೆ ನಿಂತ ಲಿನಕ್ಸ್ ಮಿಂಟ್‌ನವರು 2020ರ ಮಿಂಟ್ 20ರಿಂದಲೇ ಒಂದು ಎಪಿಟಿ ಪ್ರಿಫರೆನ್ಸ್ ಫೈಲಿನಿಂದ ಸ್ನ್ಯಾಪ್ ಅನ್ನು ತಡೆದಿದ್ದಾರೆ. ಅಷ್ಟು ದೊಡ್ಡ ತಂಡ ತನ್ನ ಮೂಲದ ಜೊತೆ ಒಂದು ವಿಷಯದಲ್ಲಿ ಬೇರೆಯಾಗಿ ನಿಲ್ಲಬಲ್ಲದು. ಅದೇ ತಂಡ ಉಬುಂಟು ಇಲ್ಲದಾದರೂ ತನ್ನ ಕೆಲಸ ನಿಲ್ಲಬಾರದೆಂದು ಎಲ್‌ಎಂಡಿಇ ಎಂಬ ಡೆಬಿಯನ್ ಆವೃತ್ತಿಯನ್ನೂ ಇಟ್ಟುಕೊಂಡಿದೆ. ಒಂಟಿ ಟೀಚರ್‌ಗೆ ಅದು ಸಾಧ್ಯವಲ್ಲ.

ಡೆಬಿಯನ್‌ನಲ್ಲಿ ‘ಪ್ಯೂರ್ ಬ್ಲೆಂಡ್’ ಎಂಬ ಪದ್ಧತಿ ಇದೆ. ಯಾವುದೋ ಒಂದು ವರ್ಗದ ಬಳಕೆದಾರರಿಗೆಂದು ಮಾಡಿದ ಆವೃತ್ತಿಯಲ್ಲಿರುವ ಪ್ರತಿಯೊಂದೂ ಡೆಬಿಯನ್‌ನೊಳಗೇ ಇರಬೇಕು, ಹೊರಗೆ ಬೇರೆ ರೆಪೊಸಿಟರಿ ಇಲ್ಲ. ನಾರ್ವೆಯಲ್ಲಿ 2001ರಲ್ಲಿ ಸ್ಕೋಲೆಲಿನಕ್ಸ್ ಎಂದು ಶುರುವಾದ ಶಾಲಾ ಯೋಜನೆ ಇಂದು ಡೆಬಿಯನ್ ಎಜು ಆಗಿ ಉಳಿದಿರುವುದು ಈ ಪದ್ಧತಿಯಿಂದ. ಮೂಲ ಮುಂದೆ ಹೋದರೆ ಅದೂ ಹೋಗುತ್ತದೆ, ಏಕೆಂದರೆ ಅದು ಮೂಲದ ಒಂದು ಭಾಗವೇ. ಕನ್ನಡದ ಮಟ್ಟಿಗೂ ಟಾಸ್ಕ್-ಕನ್ನಡ-ಡೆಸ್ಕ್‌ಟಾಪ್, ಟಾಸ್ಕ್-ಮರಾಠಿ-ಡೆಸ್ಕ್‌ಟಾಪ್ ಎಂಬ ಪ್ಯಾಕೇಜುಗಳು ಅಲ್ಲಿವೆ. 2025ರ ಆಗಸ್ಟ್‌ನಲ್ಲಿ ಡೆಬಿಯನ್ 13 ಬಂದಿದೆ, ಅಲ್ಲಿಂದ ಐದು ವರ್ಷ ನಿಶ್ಚಿಂತೆ. ಒಂದೇ ಷರತ್ತು: 32 ಬಿಟ್‌ನ ತೀರ ಹಳೆಯ ಯಂತ್ರಗಳಿಗೆ ಅದರಲ್ಲಿ ಇನ್‌ಸ್ಟಾಲರ್ ಇಲ್ಲ. ನಿಮ್ಮ ಐ3ಗಳಿಗೆ ಆ ತೊಂದರೆ ಬರುವುದಿಲ್ಲ.

ಇನ್ನೂ ಒಂದು ದಾರಿ ಎಲ್‌ಟಿಎಸ್‌ಪಿ. ಒಂದೇ ಸರ್ವರ್‌ನಲ್ಲಿ ಒಂದೇ ಇಮೇಜ್, ಉಳಿದ ಹದಿನೇಳು ಯಂತ್ರಗಳು ನೆಟ್‌ವರ್ಕ್‌ನಿಂದ ಅದನ್ನೇ ಬೂಟ್ ಮಾಡುತ್ತವೆ. ಅಪ್‌ಗ್ರೇಡ್ ಒಂದೇ ಕಡೆ. ಆದರೆ ಸ್ವಿಚ್ಚೂ ಕೇಬಲ್ಲೂ ಗಟ್ಟಿಯಿರಬೇಕು, ಸರ್ವರ್ ಕೆಟ್ಟ ದಿನ ಇಡೀ ತರಗತಿ ಕೈಕಟ್ಟಿ ಕೂರಬೇಕು.

ಪ್ರಶ್ನೆ ಕೇಳಿದವರು: ಗಣಿತ ಟೀಚರ್, ಡೊಂಬಿವಲಿ

ಇಬ್ಬರಿಗೂ ಮನಸಾರೆ ಧನ್ಯವಾದ. ಪಿಂಪ್ರಿ ಸರ್ ಹೇಳಿದಂತೆ ಹೋಲಿಸಿ ನೋಡಿದೆ. ಐಎಸ್‌ಒ ಒಂದು ಮಹಾಸಾಗರ ಎಂದುಕೊಂಡಿದ್ದೆ. ವ್ಯತ್ಯಾಸ ಒಂದು ಹಾಳೆಯ ಒಂದು ಮಗ್ಗುಲಲ್ಲಿ ಹಿಡಿಯಿತು. ಆ ಹಾಳೆಯನ್ನು ಕೋಣೆಯ ಗೋಡೆಗೇ ಅಂಟಿಸಿದ್ದೇನೆ.

ಸೇರಿಸಿದ ತಂತ್ರಾಂಶಗಳು ಬಹುತೇಕ ರೆಪೊಸಿಟರಿಯವೇ. ತಿದ್ದಿದ ಕಾನ್‌ಫಿಗ್ ಫೈಲುಗಳು: ಪ್ಯಾನೆಲ್, ಲಾಗಿನ್ ಪರದೆ, ಟಕ್ಸ್ ಪೇಂಟ್‌ನದು ಮತ್ತು ಕೀಲಿಮಣೆಯದು. ಯಾರಿಗೂ ಸೇರದ ಫೈಲುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಒಂದು ಪೈಥಾನ್ ಸ್ಕ್ರಿಪ್ಟ್. ಮಕ್ಕಳು ಟಕ್ಸ್ ಪೇಂಟ್‌ನಲ್ಲಿ ಬಿಡಿಸಿದ ಚಿತ್ರಗಳು ಮನೆಕೋಶದೊಳಗೆ ಮರೆಯಾಗಿರುವ ಒಂದು ಕೋಶದಲ್ಲಿ ಉಳಿಯುತ್ತವೆ. ಯಂತ್ರ ಬಂದ್ ಮಾಡುವಾಗ ಈ ಸ್ಕ್ರಿಪ್ಟ್ ಅವನ್ನು ಚಿಕ್ಕದಾಗಿಸಿ, ದಿನಾಂಕ ಹಾಕಿ, ನನ್ನ ಮೇಜಿನ ಯಂತ್ರಕ್ಕೆ ಕಳುಹಿಸುತ್ತದೆ. ವಾರ್ಷಿಕೋತ್ಸವದ ಗೋಡೆಪತ್ರಿಕೆಗೆ ಚಿತ್ರಗಳು ಬರುವುದು ಅಲ್ಲಿಂದಲೇ. ಅಪ್‌ಗ್ರೇಡ್ ಆದ ಎರಡೂ ಯಂತ್ರಗಳಲ್ಲಿ ಅದು ಸುಮ್ಮನಾಗಿದೆ, ಚಿತ್ರಗಳನ್ನು ಸಂಸ್ಕರಿಸುವ ಪಿಐಎಲ್ ಎಂಬ ಮಾಡ್ಯೂಲ್ ಇಲ್ಲ ಎನ್ನುತ್ತದೆ. ಪೈಥಾನ್ ಮಾಡ್ಯೂಲ್‌ಗಳನ್ನು ಇಳಿಸುವ ಪಿಪ್‌ನಿಂದ ಮತ್ತೆ ಹಾಕಹೋದರೆ ‘ಈ ಪರಿಸರವನ್ನು ಬೇರೆಯವರು ನಿರ್ವಹಿಸುತ್ತಿದ್ದಾರೆ’ ಎಂಬ ಅರ್ಥದ ಸಂದೇಶ ಕೊಟ್ಟು ನಿರಾಕರಿಸುತ್ತದೆ. ಆಪ್‌ಇಮೇಜ್ ಕೂಡ ತೆರೆಯುತ್ತಿಲ್ಲ.

ಗೋವಾದ ಸರ್, ಡೆಬಿಯನ್ ಎಜು ಬಗ್ಗೆ ನೀವು ಬರೆದದ್ದು ಮನಸ್ಸಿಗೆ ನಾಟಿತು. ಆದರೆ ಶಾಲಾ ವರ್ಷದ ನಡುವೆ ಮೂಲವನ್ನೇ ಬದಲಿಸಲು ನನಗೆ ಧೈರ್ಯ ಸಾಲದು. ಮಾರ್ಚ್‌ನಲ್ಲಿ ಪರೀಕ್ಷೆ, ಹತ್ತನೆಯ ತರಗತಿಯವರಿಗೆ ಅಭ್ಯಾಸಕ್ಕೆ ಈ ಯಂತ್ರಗಳು ಬೇಕು.

ಉತ್ತರ: ಪಿಂಪ್ರಿ, ಪುಣೆ

ಮೇಡಂ, ಆ ಸ್ಕ್ರಿಪ್ಟ್ ಬಗ್ಗೆ ಓದಿ ಖುಷಿಯಾಯಿತು. ಅದಕ್ಕೆ ಏನಾಗಿದೆಯೆಂದರೆ, 22.04ರಲ್ಲಿ ಪೈಥಾನ್ 3.10 ಇತ್ತು, ಪಿಪ್‌ನಿಂದ ಹಾಕಿದ ಮಾಡ್ಯೂಲ್ 3.10ರ ಹೆಸರಿನ ಕೋಶದಲ್ಲಿ ಕೂತಿತ್ತು. 24.04ರಲ್ಲಿರುವುದು 3.12. ಅದು ಆ ಕೋಶದ ಕಡೆ ತಿರುಗಿಯೂ ನೋಡುವುದಿಲ್ಲ. ಪಿಪ್ ನಿರಾಕರಿಸುವುದೂ ಸರಿಯೇ, ಡಿಸ್ಟ್ರೋ ನೋಡಿಕೊಳ್ಳುವ ಪೈಥಾನ್‌ನೊಳಗೆ ಹೊರಗಿನವರು ಕೈ ಹಾಕದಿರಲೆಂದು ಈಚಿನ ಆವೃತ್ತಿಗಳಲ್ಲಿ ಬಂದ ರಕ್ಷಣೆ ಅದು. ಬಲವಂತ ಮಾಡುವ ಆಯ್ಕೆಯೂ ಇದೆ, ಅದನ್ನು ಬಳಸಬೇಡಿ. ಪೈಥಾನ್3-ಪಿಐಎಲ್ ಎಂಬ ಪ್ಯಾಕೇಜ್ ರೆಪೊಸಿಟರಿಯಲ್ಲೇ ಇದೆ. ನಿಮ್ಮ ಪ್ಯಾಕೇಜಿನ ಡಿಪೆಂಡ್ಸ್ ಸಾಲಿನಲ್ಲಿ ಅದನ್ನು ಬರೆಯಿರಿ. ಇಲ್ಲಿ ಡಿಪೆಂಡ್ಸ್ ಸರಿ, ಏಕೆಂದರೆ ಸ್ಕ್ರಿಪ್ಟ್ ಅದಿಲ್ಲದೆ ನಡೆಯುವುದೇ ಇಲ್ಲ. ಇನ್ನು ಪೈಥಾನ್ ಎಷ್ಟನೆಯದಾದರೂ ಮೂಲದವರೇ ಹೊಂದಿಸಿ ಕೊಡುತ್ತಾರೆ.

ಆಪ್‌ಇಮೇಜಿಗೆ ಎರಡು ಅಡ್ಡಿಗಳಿವೆ. ಒಂದು, ಹಳೆಯ ಮಾದರಿಯ ಆಪ್‌ಇಮೇಜಿಗೆ ಫ್ಯೂಸ್‌ನ ಲೈಬ್ರರಿಯಾದ ಲಿಬ್‌ಫ್ಯೂಸ್2 ಬೇಕು. 24.04ರಲ್ಲಿ ಅದರ ಹೆಸರು ಲಿಬ್‌ಫ್ಯೂಸ್2ಟಿ64. 32 ಬಿಟ್ ಯಂತ್ರಗಳಲ್ಲಿ 2038ರ ನಂತರದ ಸಮಯ ಲೆಕ್ಕಕ್ಕೆ ಸಿಗದೆಂಬ ತೊಂದರೆಯನ್ನು ಸರಿಪಡಿಸುವಾಗ ನೂರಾರು ಲೈಬ್ರರಿಗಳ ಹೆಸರಿಗೆ ಹೀಗೆ ಬಾಲ ಬಂತು. ಎರಡು, ಎಲೆಕ್ಟ್ರಾನ್ ಎಂಬ ಚೌಕಟ್ಟಿನ ಮೇಲೆ ಕಟ್ಟಿದ ತಂತ್ರಾಂಶಗಳು ತಮ್ಮ ಸುರಕ್ಷತಾ ಆವರಣಕ್ಕೆ ಯೂಸರ್ ನೇಮ್‌ಸ್ಪೇಸ್ ಎಂಬ ಲಿನಕ್ಸ್ ಸೌಲಭ್ಯ ಬಳಸುತ್ತವೆ. 24.04ರಲ್ಲಿ ಆಪ್‌ಆರ್ಮರ್ ಎಂಬ ಕಾವಲು ವ್ಯವಸ್ಥೆ ಅದನ್ನು ಅಪರಿಚಿತ ತಂತ್ರಾಂಶಗಳಿಗೆ ಕೊಡುವುದಿಲ್ಲ. ಅಂತರ್ಜಾಲದಲ್ಲಿ ಹುಡುಕಿದರೆ ‘ಈ ಒಂದು ಸಾಲು ಹಾಕಿ ನಿರ್ಬಂಧವನ್ನೇ ತೆಗೆಯಿರಿ’ ಎಂಬ ಸಲಹೆ ಸಿಗುತ್ತದೆ. ಹದಿನೆಂಟು ಯಂತ್ರಗಳ ಬಾಗಿಲು ತೆಗೆದಿಡುವ ಸಲಹೆ ಅದು, ಬೇಡ. ಆಪ್‌ಇಮೇಜನ್ನು ಬಿಚ್ಚಿ ಆಪ್ಟ್ ಕೋಶದಲ್ಲಿ ಒಂದು ಸ್ಥಿರವಾದ ಜಾಗದಲ್ಲಿಡಿ, ಆಗ ಫ್ಯೂಸ್ ಬೇಕಾಗುವುದಿಲ್ಲ. ಆ ಒಂದು ಜಾಗಕ್ಕೆ ಮಾತ್ರ ಯೂಸರ್‌ಎನ್‌ಎಸ್ (ಯೂಸರ್ ನೇಮ್‌ಸ್ಪೇಸ್) ಅನುಮತಿ ಕೊಡುವ ಚಿಕ್ಕ ಆಪ್‌ಆರ್ಮರ್ ಪ್ರೊಫೈಲ್ ಬರೆದು ಪ್ಯಾಕೇಜಿನೊಳಗೆ ಸೇರಿಸಿ. ಬರೆದು ಇಲ್ಲಿ ಹಾಕಿ, ನಾನು ನೋಡುತ್ತೇನೆ.

ಪ್ಯಾಕೇಜನ್ನು ಹಂಚಲು ನಿಮ್ಮ ಮೇಜಿನ ಯಂತ್ರದಲ್ಲೇ ಒಂದು ಪುಟ್ಟ ರೆಪೊಸಿಟರಿ ಸಾಕು, ಕೀಲಿಯಿಂದ ಸಹಿ ಮಾಡಿ. ಅದೇ ಯಂತ್ರದಲ್ಲಿ ಎಪಿಟಿ-ಕ್ಯಾಷರ್-ಎನ್‌ಜಿ ಹಾಕಿದರೆ ಒಮ್ಮೆ ಇಳಿದದ್ದು ಉಳಿದ ಯಂತ್ರಗಳಿಗೆ ಅಲ್ಲಿಂದಲೇ ಸಿಗುತ್ತದೆ, ಶಾಲೆಯ ಇಂಟರ್‌ನೆಟ್ ಮೇಲೆ ಭಾರ ಬೀಳುವುದಿಲ್ಲ. ಒಂದು ಸೂಕ್ಷ್ಮ ಮಾತ್ರ ನೆನಪಿಡಿ: ಡೂ-ರಿಲೀಸ್-ಅಪ್‌ಗ್ರೇಡ್ ಓಡುವಾಗ ಹೊರಗಿನ ರೆಪೊಸಿಟರಿಗಳನ್ನೆಲ್ಲ ನಿಲ್ಲಿಸಿಬಿಡುತ್ತದೆ. ನಿಮ್ಮದೂ ಅದರ ಕಣ್ಣಿಗೆ ಹೊರಗಿನದೇ. ಕೊನೆಯಲ್ಲಿ ‘ಬಳಕೆಯಲ್ಲಿಲ್ಲದ ಪ್ಯಾಕೇಜುಗಳನ್ನು ತೆಗೆಯಲೇ’ ಎಂದು ಕೇಳಿದಾಗ ಪಟ್ಟಿಯನ್ನು ಪೂರ್ತಿ ಓದಿ. ಅಪ್‌ಗ್ರೇಡ್ ಮುಗಿದ ಮೇಲೆ ರೆಪೊಸಿಟರಿಯನ್ನು ಮತ್ತೆ ಆನ್ ಮಾಡಿ, 24.04ಕ್ಕೆಂದು ಕಟ್ಟಿದ ನಿಮ್ಮ ಪ್ಯಾಕೇಜನ್ನು ಹಾಕಿ. ಉಬುಂಟುವಿನ ಸ್ವಂತ ವಿಳಾಸಗಳೂ ಹೊಸದಾಗಿ ಹಾಕಿದ 24.04ರಲ್ಲಿ ಹಳೆಯ ಸೋರ್ಸಸ್.ಲಿಸ್ಟ್ ಬಿಟ್ಟು ಉಬುಂಟು.ಸೋರ್ಸಸ್ ಎಂಬ ಫೈಲಿಗೆ ಹೋಗಿವೆ. ಹಳೆಯ ಫೈಲನ್ನು ತಿದ್ದುವ ಸ್ಕ್ರಿಪ್ಟ್ ಏನಾದರೂ ಇದ್ದರೆ ಅದನ್ನೂ ನೋಡಿಕೊಳ್ಳಿ.

ಮಡಗಾಂವ್‌ನವರಿಗೆ: ನಿಮ್ಮ ಮಾತನ್ನು ಅಲ್ಲಗಳೆಯುತ್ತಿಲ್ಲ. ನಮ್ಮ ಪುಣೆಯಲ್ಲೇ ಕೇಂದ್ರ ಕಚೇರಿ ಇರುವ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನ ಬಾಸ್ ಲಿನಕ್ಸ್ ಕೂಡ ಡೆಬಿಯನ್ ಮೇಲೆಯೇ ನಿಂತಿದೆ. ಕೇರಳದ ಶಾಲೆಗಳಲ್ಲಿರುವ ಕೈಟ್ ಲಿನಕ್ಸ್ ಉಬುಂಟು ಮೇಲೆ ನಿಂತಿದೆ, ಅದೂ ಎಲ್‌ಟಿಎಸ್ (ದೀರ್ಘ ಬೆಂಬಲದ) ಆವೃತ್ತಿಗಳ ಮೇಲೆ ಮಾತ್ರ: 18.04, 22.04. ಎರಡೂ ನಡೆಯುತ್ತವೆ. ಮೇಡಂ ವ್ಯತ್ಯಾಸವನ್ನು ಒಮ್ಮೆ ಪ್ಯಾಕೇಜಿನಲ್ಲಿ ಕೂರಿಸಿದರೆ ನಾಳೆ ಮೂಲವನ್ನು ಬದಲಿಸುವುದೂ ಅವರ ಕೈಯಲ್ಲೇ ಇರುತ್ತದೆ.

ಉತ್ತರ: ಬೊರಿವಲಿ, ಮುಂಬೈ

ಟೀಚರ್ ಅವರಿಗೆ ನಮಸ್ಕಾರ. ನಾನು ಬ್ಯಾಂಕಿನಿಂದ ನಿವೃತ್ತನಾದವನು, ಇಲ್ಲಿನ ಕನ್ನಡ ಸಂಘಕ್ಕೆ ಸ್ಮರಣ ಸಂಚಿಕೆ, ಆಮಂತ್ರಣ ಎಲ್ಲ ಲಿನಕ್ಸ್‌ನಲ್ಲೇ ಮಾಡುತ್ತೇನೆ. ಪ್ಯಾಕೇಜ್ ವಿಷಯ ನನಗೆ ತಿಳಿಯದು. ಕೀಲಿಮಣೆಯ ಬಗ್ಗೆ ಮಾತ್ರ ಹೇಳುತ್ತೇನೆ.

ನಿಮ್ಮಲ್ಲಿ ಮೂಲೆಯ ‘ಕ’ ಗುರುತು ಐಬಸ್ ಎಂಬ ಟೈಪಿಂಗ್ ಸಾಧನದ್ದು ಇರಬೇಕು, ಎಂ17ಎನ್ ಸಂಗ್ರಹದ ಕಗಪ (ಕನ್ನಡ ಗಣಕ ಪರಿಷತ್ತಿನ) ವಿನ್ಯಾಸದೊಂದಿಗೆ. ಅದು ಚೆನ್ನಾಗಿದೆ, ಹಿಂದಿನ ವ್ಯಂಜನ ನೋಡಿ ಸ್ವರವನ್ನು ತಾನೇ ಗುಣಿತಾಕ್ಷರ ಮಾಡುತ್ತದೆ. ಆದರೆ ಐಬಸ್ ಬೇಕು, ಎಂ17ಎನ್ ಬೇಕು, ಲಾಗಿನ್ ಆದಾಗ ಅದು ಏಳಬೇಕು, ಪ್ಯಾನೆಲ್‌ನಲ್ಲಿ ಅದಕ್ಕೆ ಜಾಗ ಬೇಕು. ಇಷ್ಟರಲ್ಲಿ ಒಂದು ತಪ್ಪಿದರೂ ಮಗು ಪರದೆಯ ಮುಂದೆ ಸುಮ್ಮನೆ ಕೂರುತ್ತದೆ. ಇದಕ್ಕೆ ಬದಲಾಗಿ ಲಿನಕ್ಸ್‌ನ ಮೂಲ ಕೀಲಿಮಣೆ ವ್ಯವಸ್ಥೆಯಾದ ಎಕ್ಸ್‌ಕೆಬಿಯಲ್ಲೇ ಕನ್ನಡ ಕಗಪ ಇದೆ. ಮರಾಠಿಗೂ ಕಗಪ ಇದೆ ಎನ್ನುವುದು ಅನೇಕರಿಗೆ ಗೊತ್ತಿಲ್ಲ. ಮಹಾರಾಷ್ಟ್ರದ ನಮ್ಮ ಮಕ್ಕಳಿಗೆ ಇದು ದೊಡ್ಡ ಅನುಕೂಲ: ಒಂದೇ ಬಗೆಯ ವಿನ್ಯಾಸದಲ್ಲಿ ಎರಡೂ ಭಾಷೆ. ಎಕ್ಸ್‌ಕೆಬಿ ಯಾವ ಡೆಸ್ಕ್‌ಟಾಪ್ ಆವೃತ್ತಿಯಲ್ಲೂ ಇದ್ದೇ ಇರುತ್ತದೆ, ಬೇರೇನನ್ನೂ ಸೇರಿಸಬೇಕಿಲ್ಲ. ಇಟಿಸಿಯ ಡಿಫಾಲ್ಟ್ ಕೋಶದಲ್ಲಿರುವ ಕೀಬೋರ್ಡ್ ಫೈಲಿನಲ್ಲಿ ಲೇಔಟ್‌ಗೆ ಯುಎಸ್, ಐಎನ್, ಐಎನ್ ಎಂದೂ, ವೇರಿಯಂಟ್‌ಗೆ ಮೊದಲನೆಯದು ಖಾಲಿ ಬಿಟ್ಟು ಕನ್ನಡ ಮತ್ತು ಮರಾಠಿ ಕಗಪದ ಹೆಸರುಗಳನ್ನೂ ಬರೆದರೆ ಎಲ್ಲ ಖಾತೆಗಳಿಗೂ ಬರುತ್ತದೆ. ಎಕ್ಸ್‌ಎಫ್‌ಸಿಇಯ ಕೀಲಿಮಣೆ ಸೆಟ್ಟಿಂಗ್‌ನಲ್ಲಿ ‘ಸಿಸ್ಟಂ ಡಿಫಾಲ್ಟ್ ಬಳಸು’ ಎಂಬುದು ಆನ್ ಇರಬೇಕು.

ನಷ್ಟವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಎಕ್ಸ್‌ಕೆಬಿ ಹಿಂದಿನ ಅಕ್ಷರ ನೋಡುವುದಿಲ್ಲ. ಸ್ವರಕ್ಕೆ ಬೇರೆ, ಸ್ವರಚಿಹ್ನೆಗೆ ಬೇರೆ ಒತ್ತು. ‘ನುಡಿ’ ತಂತ್ರಾಂಶಕ್ಕೆ ಒಗ್ಗಿದ ದೊಡ್ಡವರಿಗೆ ಎರಡು ದಿನ ಕಿರಿಕಿರಿ ಆಗುತ್ತದೆ. ಹೊಸದಾಗಿ ಕಲಿಯುವ ಮಕ್ಕಳಿಗೆ ಆಗದು ಎಂದು ನನ್ನ ನಂಬಿಕೆ.

ಪ್ರತಿ ಅಪ್‌ಗ್ರೇಡ್ ಆದ ಮೇಲೆ ನಾನು ಒಂದು ಸಾಲು ಟೈಪ್ ಮಾಡಿ ಮುದ್ರಿಸಿ ನೋಡುತ್ತೇನೆ: ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ಕಾರ್ಯ, ರ‍್ಯಾಂಕ್. ಕೊನೆಯ ಎರಡು ಮುಖ್ಯ. ‘ಕಾರ್ಯ’ದಲ್ಲಿ ಅರ್ಕಾವೊತ್ತು ಬರಬೇಕು, ‘ರ‍್ಯಾಂಕ್’ನಲ್ಲಿ ಪೂರ್ತಿ ರ ನಿಂತು ಯ ಒತ್ತಾಗಬೇಕು. ಪರದೆಯಲ್ಲಿ ಸರಿಯಿದ್ದು ಪಿಡಿಎಫ್‌ನಲ್ಲಿ ಕೆಟ್ಟದ್ದನ್ನು ಕಂಡಿದ್ದೇನೆ, ಆದ್ದರಿಂದ ಮುದ್ರಿಸಿಯೇ ನೋಡಿ. ಗುಬ್ಬಿ, ನವಿಲು, ಲೋಹಿತ್, ನೋಟೊ ನಾಲ್ಕೂ ಅಕ್ಷರಶೈಲಿಗಳು ರೆಪೊಸಿಟರಿಯಲ್ಲೇ ಇವೆ, ಹೊರಗಿನಿಂದ ನಕಲು ಮಾಡಿ ಹಾಕಬೇಡಿ. ಅವುಗಳಲ್ಲಿ ದೋಷ ಕಂಡರೆ ನಿಮ್ಮ ಯಂತ್ರದಲ್ಲಿ ಮಾತ್ರ ಸರಿಮಾಡಿಕೊಂಡು ಸುಮ್ಮನಿರಬೇಡಿ, ಆ ಅಕ್ಷರಶೈಲಿ ಮಾಡುವವರಿಗೇ ವರದಿ ಮಾಡಿ. ಅಲ್ಲಿ ಸರಿಯಾದರೆ ಡೆಬಿಯನ್‌ಗೂ ಉಬುಂಟುವಿಗೂ ಕಲಬುರಗಿಯ ಶಾಲೆಗೂ ಸರಿಯಾಗುತ್ತದೆ. ಕನ್ನಡದ ದೋಷಗಳನ್ನು ವರದಿ ಮಾಡುವವರು ತೀರ ಕಡಿಮೆ. ನೋಡುವ ಕಣ್ಣು ನಮ್ಮದೇ ಆಗಬೇಕು.

ಪ್ರಶ್ನೆ ಕೇಳಿದವರು: ಗಣಿತ ಟೀಚರ್, ಡೊಂಬಿವಲಿ

ಬೊರಿವಲಿ ಸರ್, ಮರಾಠಿ ಕಗಪ ಹಾಕಿ ನೋಡಿದೆ. ಏಳನೆಯ ತರಗತಿಯವರು ಒಂದೇ ಅವಧಿಯಲ್ಲಿ ಹಿಡಿದುಬಿಟ್ಟರು, ಮರಾಠಿ ಟೀಚರ್ ಬಂದು ನಿಂತು ನೋಡಿದರು. ಐಬಸ್ ತೆಗೆದುಬಿಡುತ್ತೇನೆ. ಅದರಿಂದ ಗೋಡೆಯ ಹಾಳೆಯಲ್ಲಿ ಮೂರು ಸಾಲು ಹೊಡೆದುಹಾಕಿದೆ. ಉಬುಂಟು-ಎಜು-ಪ್ರೈಮರಿ ಇನ್ನಷ್ಟನ್ನು ನುಂಗಿತು. ಸ್ಕ್ರಿಪ್ಟ್ ಪೈಥಾನ್3-ಪಿಐಎಲ್‌ನೊಂದಿಗೆ ಓಡುತ್ತಿದೆ.

ಪ್ಯಾಕೇಜ್ ಕಟ್ಟಿದ್ದೇನೆ. ಚೇಂಜ್‌ಲಾಗ್ ಫೈಲನ್ನು ಕನ್ನಡದಲ್ಲೇ ಬರೆದೆ, ಪ್ರತಿ ಬದಲಾವಣೆಯ ಕೆಳಗೆ ಅದು ಏಕೆ ಬೇಕಾಯಿತು ಎಂಬುದನ್ನೂ ಸೇರಿಸಿ. ನನ್ನ ನಂತರ ಈ ಕೋಣೆಯನ್ನು ನೋಡಿಕೊಳ್ಳುವವರು ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಬಾರದು. ಪ್ಯಾನೆಲ್ ಫೈಲ್ ಶಾಲೆಯ ಕೋಶದಿಂದ ಬರುತ್ತಿದೆ. 22.04ರಿಂದ ಹೊಸದಾಗಿ ಅಪ್‌ಗ್ರೇಡ್ ಮಾಡಿದ ಯಂತ್ರದಲ್ಲಿ ಡಿಪಿಕೆಜಿ ಈ ಬಾರಿ ಪ್ಯಾನೆಲ್ ಬಗ್ಗೆ ಏನನ್ನೂ ಕೇಳಲಿಲ್ಲ. ಟಕ್ಸ್ ಪೇಂಟ್‌ನ ಫೈಲಿಗೆ ಮಾತ್ರ ಇನ್ನೂ ಕೇಳುತ್ತದೆ, ಅದಕ್ಕೆ ಬೇರೆ ಕೋಶದಲ್ಲಿಡುವ ದಾರಿ ನನಗೆ ಕಾಣುತ್ತಿಲ್ಲ. ಪಿಂಪ್ರಿ ಸರ್, ಮೂಲದ ಫೈಲನ್ನು ಪಕ್ಕಕ್ಕೆ ಸರಿಸುವ ಡಿಪಿಕೆಜಿ-ಡೈವರ್ಟ್ ಬಳಸಬಹುದೇ, ಅಥವಾ ಟಕ್ಸ್ ಪೇಂಟ್ ತೆರೆಯುವ ಗುಂಡಿಯಲ್ಲೇ ಆಯ್ಕೆಗಳನ್ನು ಕೊಟ್ಟು ಫೈಲನ್ನು ಮೂಲದಂತೆ ಬಿಡುವುದು ಮೇಲೇ? ಆಪ್‌ಆರ್ಮರ್ ಪ್ರೊಫೈಲನ್ನು ಇಂದು ರಾತ್ರಿ ಇಲ್ಲಿ ಹಾಕುತ್ತೇನೆ, ದಯವಿಟ್ಟು ನೋಡಿ.

ಗೋವಾದ ಸರ್, ಕೋಣೆಯಲ್ಲಿ ಮಾನಿಟರ್ ಒಡೆದು ಮೂಲೆಗೆ ಸೇರಿದ್ದ ಯಂತ್ರವೊಂದಿದೆ. ಅದಕ್ಕೆ ಬೇರೆ ಮಾನಿಟರ್ ಸಿಕ್ಕಿದೆ. ಅದರಲ್ಲಿ ಡೆಬಿಯನ್ 13 ಹಾಕಿ ಇದೇ ಪ್ಯಾಕೇಜ್ ನಿಲ್ಲುತ್ತದೆಯೇ ನೋಡುತ್ತೇನೆ. ಅಲ್ಲಿ ಎಕ್ಸ್‌ಎಫ್‌ಸಿಇ 4.20 ಇದೆಯಂತೆ, ಉಬುಂಟು-ಎಜು ಮೆಟಾಪ್ಯಾಕೇಜುಗಳು ಅಲ್ಲಿರುವುದಿಲ್ಲ. ಅವುಗಳ ಜಾಗದಲ್ಲಿ ಡೆಬಿಯನ್ ಎಜುವಿನ ಯಾವ ಪ್ಯಾಕೇಜನ್ನು ಪರ್ಯಾಯವಾಗಿ ಬರೆಯಬೇಕು ಎಂದು ತಿಳಿಸಿದರೆ ರೆಕಮೆಂಡ್ಸ್ ಸಾಲಿನಲ್ಲಿ ಈಗಲೇ ಸೇರಿಸಿಡುತ್ತೇನೆ.